ನಂಜನಗೂಡಿನಿಂದ ಹೋದ ‘ಹೌದು’ ಯಾರದ್ದು?

ಇವತ್ತು ಎರಡು ನಂಬರಿನಿಂದ ಶುರು ಮಾಡೋಣ. 40,752. ಇನ್ನೊಂದು 40,751.

2004ರ ವಿಧಾನಸಭಾ ಚುನಾವಣೆ. ಸಂತೇಮರಹಳ್ಳಿ ಕ್ಷೇತ್ರ. ಈಗ ಆ ಹೆಸರಿನ ಕ್ಷೇತ್ರವೇ ಇಲ್ಲ, 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಹೋಯ್ತು. ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ ಮೊದಲನೇ ನಂಬರು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ ಎರಡನೆಯದು. ವ್ಯತ್ಯಾಸ ಒಂದೇ ಒಂದು ವೋಟು. ಕೃಷ್ಣಮೂರ್ತಿ ಅವರ ಕಾರ್ ಡ್ರೈವರ್‌ಗೇ ಅವತ್ತು ವೋಟ್ ಹಾಕೋಕೆ ಬಿಡುವು ಸಿಗಲಿಲ್ಲ ಅನ್ನೋ ಮಾತನ್ನ ನಮ್ಮ ಕಡೆ ಇವತ್ತಿಗೂ ಹೇಳ್ತಾರೆ. ಚುನಾವಣೆ ಬಂದಾಗಲೆಲ್ಲ ‘ಒಂದು ಮತದ ಬೆಲೆ’ ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡೋ ಕಥೆ ಇದೇ.

ನನಗೆ ಈ ಕಥೆಯಲ್ಲಿ ಕುತೂಹಲ ಇರೋದು ಬೇರೆ ಕಡೆ. ಎಂಬತ್ತು ಸಾವಿರ ಚಿಲ್ಲರೆ ವೋಟುಗಳ ನಡುವೆ ಒಂದೇ ಒಂದು ವೋಟನ್ನ ಹುಡುಕಿ ಲೆಕ್ಕ ಹಾಕೋ ಅಷ್ಟು ಖಡಕ್ಕಾಗಿದೆ ನಮ್ಮ ವ್ಯವಸ್ಥೆ. ಆದರೆ ಹಾಗೆ ಗೆದ್ದು ಬಂದ ಶಾಸಕರು ವಿಧಾನಸೌಧದ ಒಳಗೆ ಹೋಗಿ ಒಂದು ಕಾನೂನಿಗೆ ಮತ ಹಾಕ್ತಾರಲ್ಲ, ಅದರ ಲೆಕ್ಕ ಎಲ್ಲಿದೆ? ಇರೋದೇ 224 ಜನ. ಎಣಿಸೋದು ಎಷ್ಟೊತ್ತಿನ ಕೆಲಸ?

ಬಹಳಷ್ಟು ಸಲ ಎಣಿಸೋದೇ ಇಲ್ಲ. ಸ್ಪೀಕರ್ ಪ್ರಸ್ತಾವ ಓದ್ತಾರೆ. ಪರವಾಗಿರೋರು ‘ಹೌದು’ ಅನ್ನಿ, ವಿರೋಧವಾಗಿರೋರು ‘ಇಲ್ಲ’ ಅನ್ನಿ ಅಂತಾರೆ. ಎರಡು ಸದ್ದು ಬರುತ್ತೆ. ಯಾವುದು ಜೋರು ಅಂತ ಸ್ಪೀಕರ್ ಕಿವಿಗೆ ಅನ್ನಿಸುತ್ತೋ ಅದು ಗೆದ್ದ ಹಾಗೆ. ಇದಕ್ಕೆ ಧ್ವನಿ ಮತ ಅಂತ ಹೆಸರು. ಕಾನೂನು ಪಾಸಾಯ್ತು. ಯಾರು ಹೌದು ಅಂದ್ರು, ಯಾರು ಇಲ್ಲ ಅಂದ್ರು, ಯಾರು ಸುಮ್ಮನೆ ಕೂತಿದ್ರು, ಯಾರು ಕ್ಯಾಂಟೀನ್‌ನಲ್ಲಿದ್ರು ಅನ್ನೋದು ಯಾವ ಕಡತಕ್ಕೂ ಹೋಗೋದಿಲ್ಲ. ತಿರುಮಕೂಡಲಿನ ಸಂಗಮದಲ್ಲಿ ನಿಂತು, ಇದರಲ್ಲಿ ಕಪಿಲೆ ನೀರು ಯಾವುದು, ಕಾವೇರಿ ನೀರು ಯಾವುದು ತೋರಿಸು ಅಂದ ಹಾಗೆ.

ಸಂಗಮದ ಮಾತು ಬಂತಲ್ಲ, ಇವತ್ತಿನ ಕಥೆ ನಡೆಯೋದೂ ಆ ಸುತ್ತಮುತ್ತಲೇ. ನಂಜನಗೂಡು ಮತ್ತು ತಿ. ನರಸೀಪುರ. ಈ ಎರಡು ತಾಲ್ಲೂಕಿಗೆ ಶಾಸಕರು ಎಷ್ಟು ಜನ? ಇಬ್ಬರು ಅಂದ್ರೆ ತಪ್ಪು. ನಂಜನಗೂಡು ಒಂದು ಕ್ಷೇತ್ರ, ತಿ. ನರಸೀಪುರ ಇನ್ನೊಂದು, ಎರಡೂ ಪರಿಶಿಷ್ಟ ಜಾತಿಗೆ ಮೀಸಲು. ಮೂರನೆಯದು ವರುಣಾ. ಮೈಸೂರು, ನಂಜನಗೂಡು, ತಿ. ನರಸೀಪುರ ಮೂರೂ ತಾಲ್ಲೂಕಿನ ಹಳ್ಳಿಗಳನ್ನ ಸೇರಿಸಿ 2008ರಲ್ಲಿ ಮಾಡಿದ ಕ್ಷೇತ್ರ. 2018ರ ಚುನಾವಣೆ ಈ ಮೂರು ಕ್ಷೇತ್ರವನ್ನ ಮೂರು ಪಕ್ಷಕ್ಕೆ ಹಂಚಿಬಿಡ್ತು. ನಂಜನಗೂಡಿನಲ್ಲಿ ಬಿಜೆಪಿಯ ಬಿ. ಹರ್ಷವರ್ಧನ್, ತಿ. ನರಸೀಪುರದಲ್ಲಿ ಜೆಡಿಎಸ್‌ನ ಎಂ. ಅಶ್ವಿನ್ ಕುಮಾರ್, ವರುಣಾದಲ್ಲಿ ಕಾಂಗ್ರೆಸ್‌ನ ಡಾ. ಯತೀಂದ್ರ ಸಿದ್ದರಾಮಯ್ಯ. ಒಂದು ಬೈಕಿಗೆ ಪೆಟ್ರೋಲ್ ಹಾಕಿಸ್ಕೊಂಡು ಹೊರಟ್ರೆ ಮಧ್ಯಾಹ್ನದೊಳಗೆ ಸುತ್ತಿ ಬರೋ ಅಷ್ಟು ಜಾಗ, ಮೂರು ಪಕ್ಷ. ಹಾಗಾಗಿ ಆ ಐದು ವರ್ಷದಲ್ಲಿ ಸದನಕ್ಕೆ ಬಂದ ಯಾವುದೇ ದೊಡ್ಡ ಕಾನೂನಿಗೆ ಈ ಎರಡು ತಾಲ್ಲೂಕು ಹೇಗೆ ಮತ ಹಾಕಿತು ಅಂತ ಕೇಳೋದು ಒಳ್ಳೆ ಪರೀಕ್ಷೆ.

ಆ ಪರೀಕ್ಷೆಗೆ ಒಂದು ಕಾನೂನು ನಂಜನಗೂಡಿನಿಂದಲೇ ಹುಟ್ಟಿತು.

2021ರ ಸೆಪ್ಟೆಂಬರ್ ಎರಡನೇ ವಾರ. ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯಲ್ಲಿ ಮಹದೇವಮ್ಮನ ಗುಡಿಯನ್ನ ಅಧಿಕಾರಿಗಳು ಜೆಸಿಬಿ ತಂದು ಕೆಡವಿದ್ರು. ಕಾರಣ, ಅದು ಸಾರ್ವಜನಿಕ ಜಾಗದಲ್ಲಿರೋ ಅನಧಿಕೃತ ಕಟ್ಟಡಗಳ ಪಟ್ಟಿಯಲ್ಲಿತ್ತು. ಆ ಪಟ್ಟಿಯ ಹಿಂದೆ ಇದ್ದದ್ದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಕೊಟ್ಟ ಆದೇಶ: ರಸ್ತೆ, ಪಾರ್ಕು, ಸಾರ್ವಜನಿಕ ಜಾಗದಲ್ಲಿ ಇನ್ಮುಂದೆ ಅನುಮತಿಯಿಲ್ಲದ ದೇವಸ್ಥಾನ, ಮಸೀದಿ, ಚರ್ಚು, ಗುರುದ್ವಾರ ಏಳಬಾರದು, ಆಗಲೇ ಇರೋದನ್ನ ಒಂದೊಂದಾಗಿ ಪರಿಶೀಲಿಸಿ ತೀರ್ಮಾನ ಮಾಡಬೇಕು. ಹನ್ನೆರಡು ವರ್ಷ ಆ ಆದೇಶ ಫೈಲಿಂದ ಫೈಲಿಗೆ ಓಡಾಡಿಕೊಂಡಿತ್ತು. ಗುಡಿ ಬೀಳೋ ವಿಡಿಯೊ ಮೊಬೈಲಿಗೆ ಬಂತು ನೋಡಿ, ರಾಜ್ಯವೇ ಗದ್ದಲ ಆಯ್ತು. ಊರಿನವರ ಸಿಟ್ಟು ಒಂದು ಕಡೆ, ಸಂಘಟನೆಗಳದ್ದು ಇನ್ನೊಂದು ಕಡೆ. ಸರ್ಕಾರ ನಡೆಸ್ತಿದ್ದದ್ದು ಬಸವರಾಜ ಬೊಮ್ಮಾಯಿ ಅವರ ಬಿಜೆಪಿ. ದೇವಸ್ಥಾನ ಕೆಡವಿದ ಸರ್ಕಾರ ಅನ್ನೋ ಹೆಸರು ಆ ಪಕ್ಷಕ್ಕೆ ಎಷ್ಟು ಬಿಸಿತುಪ್ಪ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ವಾರ ತುಂಬೋದ್ರೊಳಗೆ ಮಸೂದೆ ಸಿದ್ಧ. ಕರ್ನಾಟಕ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಮಸೂದೆ, 2021. ಕಾಯ್ದೆ ಜಾರಿಗೆ ಬರೋ ದಿನಕ್ಕೆ ಸಾರ್ವಜನಿಕ ಜಾಗದಲ್ಲಿ ಇರೋ ಧಾರ್ಮಿಕ ಕಟ್ಟಡಗಳನ್ನ, ಕೋರ್ಟ್ ಆದೇಶ ಏನೇ ಇದ್ರೂ, ಉಳಿಸಿಕೊಳ್ಳಬಹುದು ಅನ್ನೋದು ಅದರ ತಿರುಳು. ಸೆಪ್ಟೆಂಬರ್ 21ರಂದು ವಿಧಾನಸಭೆ ಅದನ್ನ ಅಂಗೀಕರಿಸಿತು. ಹೇಗೆ? ಧ್ವನಿ ಮತದಿಂದ.

ಇದು ಸಣ್ಣ ಕಾನೂನಲ್ಲ. ಸುಪ್ರೀಂ ಕೋರ್ಟಿನ ಆದೇಶ ಒಂದು ಕಡೆ, ಊರಿನ ನಂಬಿಕೆ ಇನ್ನೊಂದು ಕಡೆ, ರಸ್ತೆಯಲ್ಲಿ ಓಡಾಡೋರ ಹಕ್ಕು ಮತ್ತೊಂದು ಕಡೆ. ಗಂಭೀರವಾಗಿ ಪರ ಅನ್ನೋಕೂ ಕಾರಣ ಇದೆ, ವಿರೋಧ ಅನ್ನೋಕೂ ಇದೆ. ಆದರೆ ಹುಚ್ಚಗಣಿಯ ಒಬ್ಬ ಹುಡುಗ ಇವತ್ತು, ನಮ್ಮೂರಿನ ಗುಡಿ ಬಿದ್ದಿದ್ದಕ್ಕೆ ಬಂದ ಕಾನೂನಿಗೆ ನಮ್ಮ ಕಡೆಯ ಮೂರು ಶಾಸಕರು ಏನಂದ್ರು ಅಂತ ಕೇಳಿದ್ರೆ, ಅವನಿಗೆ ಚರ್ಚೆಯಲ್ಲಿ ಮಾತಾಡಿದವರ ಮಾತು ಸಿಗಬಹುದು. ಮತ ಸಿಗೋದಿಲ್ಲ. ನನ್ನ ಅನಿಸಿಕೆ ಕೇಳಿದ್ರೆ, ಇಂಥ ಕಾನೂನಿಗೇ ಧ್ವನಿ ಮತ ಎಲ್ಲಾ ಪಕ್ಷಕ್ಕೂ ಹಿತವಾಗಿರೋದು. ಪರ ಅಂತ ಸಹಿ ಹಾಕಿದ್ರೆ ಕೋರ್ಟ್ ಏನನ್ನುತ್ತೋ ಅನ್ನೋ ಅಳುಕು, ವಿರೋಧ ಅಂತ ಸಹಿ ಹಾಕಿದ್ರೆ ಊರೊಳಗೆ ಹೋಗೋಕಾಗಲ್ಲ. ಸದ್ದಿನಲ್ಲಿ ಸದ್ದಾಗಿ ಸೇರಿಬಿಟ್ರೆ ಇಬ್ಬರಿಗೂ ನೆಮ್ಮದಿ.

ಒಂದು ವರ್ಷ ಹಿಂದಕ್ಕೆ ಹೋಗೋಣ. ಇದು ಈ ಎರಡು ತಾಲ್ಲೂಕಿನ ಗದ್ದೆ ಬಯಲಿಗೆ ನೇರವಾಗಿ ತಟ್ಟೋ ವಿಷಯ. ಭೂಸುಧಾರಣಾ ಕಾಯ್ದೆ.

ದೇವರಾಜ ಅರಸು ಕಾಲದ ದೊಡ್ಡ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಉಳುವವನೇ ಹೊಲದೊಡೆಯ ಅಂತ ನಿಮ್ಮ ತಾತ ಹೇಳಿರಬಹುದು. ಗೇಣಿದಾರರಿಗೆ ಭೂಮಿ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಜೊತೆಗೆ ಎರಡು ಬೇಲಿಯನ್ನೂ ಹಾಕಿದ್ರು, 79ಎ ಮತ್ತು 79ಬಿ ಅನ್ನೋ ಸೆಕ್ಷನ್‌ಗಳು. ಕೃಷಿಯೇತರ ಆದಾಯ ಒಂದು ಮಿತಿ ದಾಟಿದವರು ಹೊಲ ಕೊಳ್ಳೋ ಹಾಗಿಲ್ಲ, ಬೇಸಾಯಗಾರರಲ್ಲದವರು ಕೊಳ್ಳೋ ಹಾಗಿಲ್ಲ. ಆ ಆದಾಯದ ಮಿತಿ ಏರ್ತಾ ಏರ್ತಾ ಕೊನೆಗೆ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಬಂದು ನಿಂತಿತ್ತು. 2020ರಲ್ಲಿ ಯಡಿಯೂರಪ್ಪ ಸರ್ಕಾರ ಈ ಬೇಲಿಗಳನ್ನೇ ಕಿತ್ತುಹಾಕೋ ತಿದ್ದುಪಡಿ ತಂತು. ಮೊದಲು ಸುಗ್ರೀವಾಜ್ಞೆ, ಆಮೇಲೆ ಮಸೂದೆ. ಮೈಸೂರಿಗೆ ಅಂಟಿಕೊಂಡಿರೋ ನಂಜನಗೂಡಿನ ರೈತನಿಗೆ ಇದರ ಅರ್ಥ ತಕ್ಷಣ ಆಗುತ್ತೆ. ರಿಂಗ್ ರೋಡಿನಿಂದ ಈಚೆ ಬಂದ್ರೆ ಎಕರೆಗೆ ಏನು ರೇಟು ಅಂತ ಕೇಳೋ ಕಾರುಗಳನ್ನ ಅವನು ದಿನಾ ನೋಡ್ತಾನೆ. ಒಬ್ಬನಿಗೆ ಇದು ಒಳ್ಳೆ ಬೆಲೆ ಬರೋ ದಾರಿ. ಪಕ್ಕದವನಿಗೆ ಮಕ್ಕಳ ಕಾಲಕ್ಕೆ ಗದ್ದೆ ಉಳಿಯಲ್ಲ ಅನ್ನೋ ಭಯ. ಇಬ್ಬರ ಮಾತಲ್ಲೂ ನ್ಯಾಯ ಇದೆ, ಅದಕ್ಕೇ ಅವರ ಶಾಸಕ ಯಾವ ಕಡೆ ನಿಂತ ಅನ್ನೋದು ಇಬ್ಬರಿಗೂ ಗೊತ್ತಾಗಬೇಕಾದ ವಿಷಯ.

2020ರ ಸೆಪ್ಟೆಂಬರ್ 26, ವಿಧಾನಸಭೆ. ಧ್ವನಿ ಮತ. ಪಾಸ್.

ಅದಕ್ಕೂ ಆರು ದಿನ ಮುಂಚೆ, ಸೆಪ್ಟೆಂಬರ್ 20ಕ್ಕೆ, ದೆಹಲಿಯ ರಾಜ್ಯಸಭೆಯಲ್ಲೂ ಇದೇ ನಾಟಕದ ಇನ್ನೊಂದು ಪ್ರದರ್ಶನ ಆಗಿತ್ತು. ಕೇಂದ್ರದ ಕೃಷಿ ಮಸೂದೆಗಳಿಗೆ ಮತ ವಿಭಜನೆ ಬೇಕು, ಎಣಿಸಿ ಅಂತ ವಿರೋಧ ಪಕ್ಷದವರು ಕೇಳಿದ್ರು. ಉಪಸಭಾಪತಿ ಹರಿವಂಶ್ ಗದ್ದಲದ ನಡುವೆ ಧ್ವನಿ ಮತದಲ್ಲೇ ಮುಗಿಸಿದ್ರು. ಮಾರನೇ ದಿನ ಎಂಟು ಸಂಸದರು ಅಮಾನತು. ಮುಂದೆ ಏನಾಯ್ತು ಅಂತ ನಿಮಗೆ ಗೊತ್ತು, ದೆಹಲಿ ಗಡಿಯಲ್ಲಿ ರೈತರು ಒಂದು ವರ್ಷಕ್ಕೂ ಹೆಚ್ಚು ಕಾಲ ಕೂತರು.

ಕರ್ನಾಟಕದ ಕಥೆಗೆ ಒಂದು ತಿರುವಿದೆ. ಭೂಸುಧಾರಣಾ ತಿದ್ದುಪಡಿ ವಿಧಾನ ಪರಿಷತ್ತಿನಲ್ಲಿ ಮತಕ್ಕೆ ಬಂದದ್ದು ಡಿಸೆಂಬರ್ 8ಕ್ಕೆ. ಅವತ್ತೇ ರೈತ ಸಂಘಟನೆಗಳ ಭಾರತ್ ಬಂದ್. ಪರಿಷತ್ತಿನಲ್ಲಿ ಬಿಜೆಪಿಗೆ ಒಂಟಿಯಾಗಿ ಬಹುಮತ ಇರಲಿಲ್ಲ. ಅದುವರೆಗೆ ಈ ತಿದ್ದುಪಡಿಯನ್ನ ವಿರೋಧಿಸುತ್ತಿದ್ದ ಜೆಡಿಎಸ್ ಅವತ್ತು ಪರವಾಗಿ ನಿಂತಿತು. ಇಲ್ಲಿ ಎಣಿಸಿದ್ರು. ಪರ 37, ವಿರೋಧ 21. ಎಣಿಸಿದ್ದರಿಂದಲೇ ಜೆಡಿಎಸ್ ದಾಟಿದ್ದು ಮಾರನೇ ದಿನದ ಪೇಪರಿನಲ್ಲಿ ಸುದ್ದಿಯಾಯ್ತು, ರೈತ ಸಂಘದವರು ಬೀದಿಯಲ್ಲಿ ಆ ಪಕ್ಷದ ಹೆಸರು ಹಿಡಿದು ಕೇಳಿದ್ರು. ಒಂದೇ ಕಾನೂನು, ಒಂದು ಮನೆಯಲ್ಲಿ ಸದ್ದು, ಇನ್ನೊಂದು ಮನೆಯಲ್ಲಿ ಲೆಕ್ಕ. ತಮಾಷೆ ಏನು ಅಂದ್ರೆ, ನೀವು ನಾವು ನೇರವಾಗಿ ಗೆಲ್ಲಿಸಿದ ಮನೆಯಲ್ಲಿ ಸದ್ದು. ಪದವೀಧರರು, ಶಿಕ್ಷಕರು, ಸ್ಥಳೀಯ ಸಂಸ್ಥೆಯವರು, ಶಾಸಕರು ಆರಿಸಿ ಕಳಿಸೋ, ಇಲ್ಲಾ ನಾಮಕರಣ ಆಗೋ ಮನೆಯಲ್ಲಿ ಲೆಕ್ಕ.

ಇಲ್ಲಿ ಒಬ್ಬರು ಕೇಳಬಹುದು: ಎಣಿಸಿದ್ರೆ ತಾನೆ ಏನು ಪ್ರಯೋಜನ ಗುರು? ಪಕ್ಷ ಹೇಳಿದ ಹಾಗೆ ತಾನೆ ಎಲ್ಲರೂ ಮತ ಹಾಕೋದು?

ಸರಿಯಾದ ಪ್ರಶ್ನೆ. 1967ರಲ್ಲಿ ಹರಿಯಾಣದ ಗಯಾ ಲಾಲ್ ಅನ್ನೋ ಶಾಸಕ ಎರಡು ವಾರದಲ್ಲಿ ಮೂರು ಸಲ ಪಕ್ಷ ಬದಲಾಯಿಸಿದ್ರು. ‘ಆಯಾ ರಾಮ್ ಗಯಾ ರಾಮ್’ ಅನ್ನೋ ಮಾತು ಹುಟ್ಟಿದ್ದು ಅಲ್ಲಿಂದ. ಈ ರೋಗಕ್ಕೆ ಮದ್ದು ಅಂತ 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ಬಂತು, ಹತ್ತನೇ ಅನುಸೂಚಿ ಸೇರಿತು. ನಾವು ಪಕ್ಷಾಂತರ ನಿಷೇಧ ಕಾಯ್ದೆ ಅಂತ ಕರೆಯೋದು ಇದನ್ನೇ. ಪಕ್ಷ ವಿಪ್ ಕೊಟ್ರೆ ಅದಕ್ಕೆ ವಿರುದ್ಧವಾಗಿ ಮತ ಹಾಕಿದ್ರೂ, ಮತ ಹಾಕದೇ ಉಳಿದ್ರೂ, ಪಕ್ಷ 15 ದಿನದೊಳಗೆ ಮನ್ನಿಸದೇ ಇದ್ರೆ, ಶಾಸಕ ಸ್ಥಾನಕ್ಕೇ ಸಂಚಕಾರ. 1992ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಎತ್ತಿಹಿಡಿಯಿತು. ಆದ ಪರಿಣಾಮ ಏನು? ಶಾಸಕ ತನ್ನ ಮತಕ್ಕೆ ಜವಾಬು ಹೇಳಬೇಕಾಗಿರೋದು ಪಕ್ಷದ ಕಚೇರಿಗೆ.

ಇದಕ್ಕೆ ಉದಾಹರಣೆ ಸಂಗಮದಿಂದ ಕಾವೇರಿ ಹಿಡಿದು ಸ್ವಲ್ಪ ಕೆಳಗೆ ಹೋದ್ರೆ ಸಿಗುತ್ತೆ. ಕೊಳ್ಳೇಗಾಲ. 2018ರಲ್ಲಿ ಅಲ್ಲಿ ಗೆದ್ದವರು ಬಿಎಸ್‌ಪಿಯ ಎನ್. ಮಹೇಶ್. ರಾಜ್ಯಕ್ಕೇ ಆ ಪಕ್ಷದ ಒಬ್ಬರೇ ಶಾಸಕರು. 2019ರ ಜುಲೈ 23ಕ್ಕೆ ಕುಮಾರಸ್ವಾಮಿ ಅವರ ವಿಶ್ವಾಸಮತ. ಅವತ್ತು ಬಾಗಿಲು ಹಾಕಿ, ಸಾಲು ಸಾಲಾಗಿ ನಿಲ್ಲಿಸಿ ತಲೆ ಎಣಿಸಿದ್ದನ್ನ ನಾವೆಲ್ಲ ಲೈವ್ ನೋಡಿದ್ವಿ. 99 ಪರ, 105 ವಿರೋಧ. ಸರ್ಕಾರ ಬಿತ್ತು. ಮಹೇಶ್ ಸದನಕ್ಕೇ ಬಂದಿರಲಿಲ್ಲ. ಕುಮಾರಸ್ವಾಮಿ ಪರ ಮತ ಹಾಕಿ ಅಂತ ಹೇಳಿದ್ದೆ ಅಂತ ಮಾಯಾವತಿ ಅವತ್ತೇ ಅವರನ್ನ ಪಕ್ಷದಿಂದ ಉಚ್ಚಾಟನೆ ಮಾಡಿದ್ರು. ಲಖನೌಗೆ ಲೆಕ್ಕ ಅದೇ ದಿನ ಸಿಕ್ಕಿತು. ಕೊಳ್ಳೇಗಾಲದ ಮತದಾರ ತನ್ನ ಲೆಕ್ಕ ಹೇಳೋಕೆ 2023ರವರೆಗೆ ಕಾಯಬೇಕಾಯ್ತು. ಅಷ್ಟೊತ್ತಿಗೆ ಮಹೇಶ್ ಬಿಜೆಪಿಯಲ್ಲಿದ್ರು, ಸೋತರು. ಅವರನ್ನ ಸೋಲಿಸಿದ್ದು ಯಾರು ಗೊತ್ತಾ? ಒಂದು ವೋಟಿನಲ್ಲಿ ಸೋತಿದ್ದ ಅದೇ ಎ.ಆರ್. ಕೃಷ್ಣಮೂರ್ತಿ, ಈ ಸಲ ಕಾಂಗ್ರೆಸ್‌ನಿಂದ. ಅದೇ ಚುನಾವಣೆಯಲ್ಲಿ ನಂಜನಗೂಡಿನಿಂದ ಗೆದ್ದದ್ದು ಧ್ರುವನಾರಾಯಣ ಅವರ ಮಗ ದರ್ಶನ್. ನಮ್ಮ ಕಡೆ ರಾಜಕೀಯ ಹೀಗೇ, ಸುತ್ತಿ ಸುತ್ತಿ ಅದೇ ಹತ್ತು ಮನೆಗೆ ಬಂದು ನಿಲ್ಲುತ್ತೆ.

ನಂಜನಗೂಡಿನ ಜನ ತಮ್ಮ ಶಾಸಕರನ್ನ ಲೆಕ್ಕ ಕೇಳಿಲ್ಲ ಅಂತ ಹೇಳೋ ಹಾಗಿಲ್ಲ. 2017ರ ಏಪ್ರಿಲ್ 9ರ ಉಪಚುನಾವಣೆ ನೆನಪಿದೆಯಾ? 2016ರಲ್ಲಿ ಸಿದ್ದರಾಮಯ್ಯ ಸಂಪುಟದಿಂದ ಕೈಬಿಟ್ಟಾಗ ವಿ. ಶ್ರೀನಿವಾಸಪ್ರಸಾದ್ ಸಿಡಿದೆದ್ದು ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಟ್ರು, ಬಿಜೆಪಿ ಸೇರಿದ್ರು, ಸ್ವಾಭಿಮಾನದ ಹೆಸರಲ್ಲಿ ಮತ ಕೇಳಿದ್ರು. ಎದುರು ನಿಂತ ಕಳಲೆ ಕೇಶವಮೂರ್ತಿ 2013ರಲ್ಲಿ ಜೆಡಿಎಸ್‌ನಿಂದ ಇದೇ ಪ್ರಸಾದ್ ಎದುರು ಸೋತಿದ್ದವರು, ಈಗ ಕಾಂಗ್ರೆಸ್. ಅಂದ್ರೆ ಅದೇ ಇಬ್ಬರು, ಬರೀ ಬಾವುಟ ಬೇರೆ. ಕೇಶವಮೂರ್ತಿ 21,334 ಮತದಿಂದ ಗೆದ್ದರು. ಇಡೀ ಸಂಪುಟವೇ ಬಂದು ಕೂತಿದ್ದ ಆ ಚುನಾವಣೆಯಲ್ಲಿ ಜಾತಿ ಲೆಕ್ಕ, ಅವಮಾನ, ಅನುಕಂಪ, ಅನುದಾನ ಎಲ್ಲದರ ಮಾತೂ ಬಂತು. ಯಾವ ಕಾನೂನಿಗೆ ಹೇಗೆ ಮತ ಹಾಕಿದ್ರಿ ಅನ್ನೋದು ಚುನಾವಣೆಯ ವಿಷಯ ಆಗಲಿಲ್ಲ. ಆಗೋದಾದ್ರೂ ಹೇಗೆ, ಪಟ್ಟಿಯೇ ಇಲ್ಲದ ಮೇಲೆ?

ಹಿಂದಿನ ಕಾಲ ಚೆನ್ನಾಗಿತ್ತು ಅಂತ ಹೇಳೋಕೆ ನಾನು ಬಂದಿಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ಕ್ಕೆ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದಾಗ 144 ಜನ ಸೇರಿದ್ರು, ತಾಲ್ಲೂಕುಗಳಿಂದ ಬಂದ ರೈತರು, ವರ್ತಕರು. ದಸರೆಗೆ ಬಂದವರು ದಿವಾನರ ಭಾಷಣ ಕೇಳಿ, ಕೆರೆ ಏರಿ, ಕಂದಾಯ, ರಸ್ತೆ ಅಂತ ತಮ್ಮ ಅಹವಾಲು ಹೇಳಿ ಊರಿಗೆ ಹೋಗ್ತಿದ್ರು. ಮತ ಹಾಕೋ ಅಧಿಕಾರವೇ ಇರಲಿಲ್ಲ. ಮೊದಮೊದಲು ಅವರನ್ನ ಜನ ಆರಿಸಿಯೂ ಇರಲಿಲ್ಲ. ಚುನಾವಣೆ ಬಂದದ್ದು 1891ಕ್ಕೆ, ಅದೂ ಆಸ್ತಿ ಇದ್ದವರಿಗೆ. ಕಾನೂನು ಮಾಡೋಕೆ ಅಂತಲೇ ನ್ಯಾಯವಿಧಾಯಕ ಸಭೆ ಬಂದದ್ದು 1907ರಲ್ಲಿ. ಹೊಸ ಕಾನೂನಿಗೆ ಮುಂಚೆ ಪ್ರತಿನಿಧಿ ಸಭೆಯನ್ನ ಕೇಳಬೇಕು ಅನ್ನೋದು ಶಾಸನದಲ್ಲಿ ಬಂದದ್ದು 1923ರಲ್ಲಿ. ಕೇಳಿದ್ದಕ್ಕೆ ಸರ್ಕಾರ ಕೊಟ್ಟ ಉತ್ತರವನ್ನ ಮಾತ್ರ ಅಚ್ಚು ಹಾಕಿಸ್ತಿದ್ರು, ಅದು ಇವತ್ತಿಗೂ ಓದೋಕೆ ಸಿಗುತ್ತೆ. ಮಾತು ಪುಸ್ತಕಕ್ಕೆ ಬಂದು ನೂರು ವರ್ಷದ ಮೇಲಾಯ್ತು. ಮತ ಇನ್ನೂ ಬಂದಿಲ್ಲ, ಅಷ್ಟೇ.

ಬೇರೆ ಕಡೆ ಇದನ್ನ ಹೇಗೆ ಬಗೆಹರಿಸಿಕೊಂಡ್ರು? ಅಮೆರಿಕದವರು ಸಂವಿಧಾನದಲ್ಲೇ ಬರೆದುಬಿಟ್ರು: ಹಾಜರಿರೋ ಸದಸ್ಯರಲ್ಲಿ ಐದರಲ್ಲಿ ಒಂದು ಭಾಗ ಕೇಳಿದ್ರೆ ಸಾಕು, ಹೌದು-ಇಲ್ಲಗಳನ್ನ ದಾಖಲೆಗೆ ಸೇರಿಸಲೇಬೇಕು. ಸ್ಪೀಕರ್ ಮನಸ್ಸಿಗೆ ಬಿಟ್ಟಿಲ್ಲ. ಬ್ರಿಟನ್ನಿನಲ್ಲಿ 1834ರಲ್ಲಿ ಪಾರ್ಲಿಮೆಂಟ್ ಕಟ್ಟಡ ಸುಟ್ಟುಹೋಯ್ತು. 1836ರಿಂದ ಕಾಮನ್ಸ್ ಸಭೆ ಪ್ರತಿ ಮತ ವಿಭಜನೆಯಲ್ಲಿ ಯಾರು ಯಾವ ಕಡೆ ಹೋದ್ರು ಅನ್ನೋ ಹೆಸರುಗಳನ್ನ ತಾನೇ ಪ್ರಕಟಿಸೋಕೆ ಶುರು ಮಾಡ್ತು. ನಮ್ಮ ಲೋಕಸಭೆಯಲ್ಲೂ ಮತ ವಿಭಜನೆ ಆದ್ರೆ ಹೆಸರು ಸಮೇತ ನಡಾವಳಿಯಲ್ಲಿ ಬರುತ್ತೆ. 2023ರ ಸೆಪ್ಟೆಂಬರ್‌ನಲ್ಲಿ ಮಹಿಳಾ ಮೀಸಲಾತಿಗೆ 454 ಪರ, 2 ವಿರೋಧ ಬಿದ್ದಾಗ ಆ ಇಬ್ಬರು ಯಾರು ಅಂತ ದೇಶಕ್ಕೆಲ್ಲ ಗೊತ್ತಾಯ್ತು. ಅವರೂ ನಾವು ಯಾಕೆ ವಿರೋಧಿಸಿದ್ವಿ ಅಂತ ಹೇಳಿಕೊಂಡ್ರು. ಒಪ್ಪೋದು ಬಿಡೋದು ಬೇರೆ ಮಾತು, ಎದುರಾಎದುರು ಮಾತಾಡೋಕೆ ಒಂದು ಜಾಗ ಆಯ್ತಲ್ಲ.

ಈಗಿನ ಸದನಕ್ಕೆ ಬರ್ತೀನಿ. 2023ರಲ್ಲಿ ಗೆದ್ದು ಬಂದ ಮೂರೂ ಜನ ಒಂದೇ ಪಕ್ಷ, ಕಾಂಗ್ರೆಸ್. ನಂಜನಗೂಡಿನಲ್ಲಿ ದರ್ಶನ್, ತಿ. ನರಸೀಪುರದಲ್ಲಿ ಡಾ. ಎಚ್.ಸಿ. ಮಹದೇವಪ್ಪ, ವರುಣಾದಲ್ಲಿ ಸಿದ್ದರಾಮಯ್ಯ. 2023ರಲ್ಲಿ ಮುಖ್ಯಮಂತ್ರಿ, ಸಮಾಜ ಕಲ್ಯಾಣ ಸಚಿವ ಆದವರು ಇಬ್ಬರೂ ಇಲ್ಲಿಂದಲೇ. ಎಸ್‌ಸಿ, ಎಸ್‌ಟಿ ಜನಸಂಖ್ಯೆಗೆ ತಕ್ಕಷ್ಟು, ಅಂದ್ರೆ ಶೇ 24.1ರಷ್ಟು ಅಭಿವೃದ್ಧಿ ಹಣ ಆ ಸಮುದಾಯಕ್ಕೇ ಹೋಗಬೇಕು ಅನ್ನೋ ಕಾಯ್ದೆ ಆದದ್ದು 2013ರಲ್ಲಿ, ಸಿದ್ದರಾಮಯ್ಯ ಕಾಲದಲ್ಲೇ. ಆ ಹಣವನ್ನ ಸಾಮಾನ್ಯ ಕಾಮಗಾರಿಗೆ ತಿರುಗಿಸೋಕೆ ದಾರಿ ಮಾಡಿದ್ದ 7ಡಿ ಸೆಕ್ಷನ್ ತೆಗೆದದ್ದು 2023ರಲ್ಲಿ, ಮಹದೇವಪ್ಪ ಸಚಿವರಾಗಿದ್ದಾಗ. ಒಳ್ಳೆ ಕೆಲಸ. ಅದೇ ವರ್ಷ ಇದೇ ನಿಧಿಯಿಂದ 11 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ ಹೋಯ್ತು ಅನ್ನೋ ವಿವಾದ ಎದ್ದಿತು. ಆ ಯೋಜನೆಗಳಲ್ಲಿರೋ ಎಸ್‌ಸಿ, ಎಸ್‌ಟಿ ಫಲಾನುಭವಿಗಳಿಗೇ ಹೋಗಿದೆ ಅಂತ ಸರ್ಕಾರ. ಹಾಸ್ಟೆಲ್, ಕಾಲೊನಿಗೆ ಬರಬೇಕಾದ ದುಡ್ಡು ಅಂತ ದಲಿತ ಸಂಘಟನೆಗಳು, ವಿರೋಧ ಪಕ್ಷಗಳು. ಎರಡು ಮೀಸಲು ಕ್ಷೇತ್ರಗಳಿರೋ ನೆಲ ಇದು. ಇಲ್ಲಿನ ಶಾಸಕರು ಬಜೆಟ್ಟಿಗೆ ಮತ ಹಾಕುವಾಗ ಅದರೊಳಗೆ ಈ ಹಣದ ಹಂಚಿಕೆಯೂ ಇರುತ್ತೆ ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಇನ್ನು 2025ರ ಮಾರ್ಚ್ 21. ಹನಿಟ್ರ್ಯಾಪ್ ಗಲಾಟೆ, ಕಾಗದ ಹರಿದು ಸ್ಪೀಕರ್ ಪೀಠದ ಕಡೆ ಎಸೆದದ್ದು, 18 ಬಿಜೆಪಿ ಶಾಸಕರು ಆರು ತಿಂಗಳು ಅಮಾನತು. ಟಿವಿಯಲ್ಲಿ ಇಡೀ ದಿನ ಅದೇ. ಆ ಗದ್ದಲದಲ್ಲೇ ಶಾಸಕರ ಸಂಬಳದ ಮಸೂದೆ ಚರ್ಚೆ ಇಲ್ಲದೆ ಪಾಸಾಯ್ತು. ಶಾಸಕರಿಗೆ ತಿಂಗಳಿಗೆ 40 ಸಾವಿರ ಇದ್ದದ್ದು 80 ಸಾವಿರ, ಮುಖ್ಯಮಂತ್ರಿಗೆ 75 ಸಾವಿರ ಇದ್ದದ್ದು ಒಂದೂವರೆ ಲಕ್ಷ. ಸಂಬಳ ಜಾಸ್ತಿ ಮಾಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಸಂಬಳ ಇಲ್ಲದಿದ್ರೆ ಕಂಟ್ರಾಕ್ಟರ್‌ಗಳು ಮಾತ್ರ ಶಾಸಕರಾಗ್ತಾರೆ. ಆದರೆ ನಮಗೆ ಇಷ್ಟು ಬೇಕು, ಯಾಕೆ ಅಂದ್ರೆ ಹೀಗೆ ಅಂತ ಎದ್ದು ನಿಂತು ಹೇಳಿ, ಹೆಸರು ಬರೆಸಿ ತಗೊಂಡಿದ್ರೆ ಅದರ ಗೌರವವೇ ಬೇರೆ ಇರ್ತಿತ್ತು.

ಬದಲಾವಣೆಗೆ ಹೊಸ ಕಾನೂನೂ ಬೇಕಿಲ್ಲ ಅನ್ನೋದು ಇದರಲ್ಲಿನ ವಿಚಿತ್ರ. ಧ್ವನಿ ಮತದ ಫಲಿತಾಂಶ ಒಪ್ಪದೆ ಸದಸ್ಯರು ಎದ್ದು ಮತ ವಿಭಜನೆ ಕೇಳೋ ದಾರಿ ಸದನದ ನಿಯಮದಲ್ಲೇ ಇದೆ. ಕೇಳೋರು ಕಡಿಮೆ. ವಿರೋಧ ಪಕ್ಷ ಬಹಳ ಸಲ ಸಭಾತ್ಯಾಗ ಮಾಡಿ ಆಚೆ ಬಂದು ಮೈಕ್ ಮುಂದೆ ನಿಲ್ಲುತ್ತೆ. ಆಚೆ ಬಂದವರ ‘ಇಲ್ಲ’ ಒಳಗೆ ಸದ್ದಾಗಿಯೂ ಉಳಿಯೋದಿಲ್ಲ.

ನಡಾವಳಿ ವಿಧಾನಸಭೆಯ ವೆಬ್‌ಸೈಟಿನಲ್ಲಿ ಕನ್ನಡದಲ್ಲೇ ಇದೆ, ಕಲಾಪ ಯೂಟ್ಯೂಬಿನಲ್ಲೂ ಸಿಗುತ್ತೆ. 2021ರ ಸೆಪ್ಟೆಂಬರ್ 21ರ ಚರ್ಚೆಯನ್ನ ಬಿಡುವಿದ್ದಾಗ ತೆಗೆದು ನೋಡಿ. ನಂಜನಗೂಡಿನ ಹೆಸರು ಬರುತ್ತೆ, ಮಹದೇವಮ್ಮನ ಗುಡಿ ಬರುತ್ತೆ, ಕೊನೆಯಲ್ಲಿ ಆ ಸದ್ದೂ ಬರುತ್ತೆ. ಮುಂದಿನ ಸಲ ನಿಮ್ಮ ಊರಿನ ರಸ್ತೆ ಗುದ್ದಲಿ ಪೂಜೆಗೆ ಶಾಸಕರು ಬಂದಾಗ, ರಸ್ತೆ ಎಷ್ಟು ಅಡಿ ಅಂತ ಕೇಳಿದ ಮೇಲೆ ಇದನ್ನೂ ಕೇಳಿ: ಅಣ್ಣ, ಅವತ್ತು ನೀವು ಏನಂದ್ರಿ?

ಮುಂದಿನ ಸಂಚಿಕೆಯಲ್ಲಿ ತಲಕಾಡಿನ ಮರಳಿನ ಕಥೆ ಇಟ್ಕೊಂಡು ಬರ್ತೀನಿ.